ಅಚ್ಚಿನಿಂದ ಚಾಕೊಲೇಟ್ ಮುರಿಯದೆ ಬರಬೇಕಾದರೆ: ಯಾವ ಚಾಕೊಲೇಟಿಗೆ ಯಾವ ಅಚ್ಚು, ಎಷ್ಟು ತಂಪು

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿ ಪಳಗಿದ ಕೈಗೆ ಚಾಕೊಲೇಟ್ ಅಚ್ಚು ತಾನಾಗಿಯೇ ಒಲಿಯುತ್ತದೆ ಎಂದು ನಾನು ನಂಬಿದ್ದೆ. ಸಕ್ಕರೆ ಅಚ್ಚಿನ ಮರದ ಹಲಗೆಗಳನ್ನು ಮೊದಲೇ ನೀರಿನಲ್ಲಿ ನೆನೆಹಾಕಿ, ಒದ್ದೆಯಿರುವಾಗಲೇ ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ಪಾಕ ಹೊಯ್ಯುತ್ತೇವೆ. ಆ ತೇವವೇ ಸಕ್ಕರೆ ಮರಕ್ಕೆ ಕಚ್ಚದಂತೆ ಕಾಯುತ್ತದೆ. ಮೈಸೂರು ಪಾಕಿಗಾಗಲಿ ಕೊಬ್ಬರಿ ಮಿಠಾಯಿಗಾಗಲಿ ತಟ್ಟೆಗೆ ತುಪ್ಪ ಸವರದೆ ಒಲೆ ಹಚ್ಚುವವರಿಲ್ಲ. ಚಾಕೊಲೇಟಿನ ಅಚ್ಚಿಗೆ ಇವೆರಡೂ ಆಗದು. ಅಚ್ಚಿನ ಮೂಲೆಯಲ್ಲಿ ಉಳಿದ ಒಂದು ಹನಿ ನೀರು ಅಲ್ಲಿನ ಚಾಕೊಲೇಟನ್ನು ಗಂಟುಗಂಟಾಗಿಸಿ ಅಚ್ಚಿಗೆ ಹಿಡಿಸುತ್ತದೆ. ಸವರಿದ ತುಪ್ಪ ಮೇಲ್ಮೈಯ ಹೊಳಪನ್ನು ಕೆಡಿಸುವುದಲ್ಲದೆ, ಚಾಕೊಲೇಟಿನ ಕೊಬ್ಬಿನೊಡನೆ ಬೆರೆತು ಅದನ್ನು ಮೆದುವಾಗಿಸುತ್ತದೆ.

ಇದನ್ನು ನಾನು ಕಲಿತದ್ದು ಒಂದು ಗಣೇಶ ಚತುರ್ಥಿಯ ಹಿಂದಿನ ರಾತ್ರಿ. ಸಿಲಿಕೋನ್ ಅಚ್ಚಿನಲ್ಲಿ ಅಂಗೈಯಗಲದ ಗಣಪನನ್ನು ಎರೆದು, ಬೇಗ ಬಿಡಲೆಂದು ತುಪ್ಪವನ್ನೂ ಸವರಿ, ಅರ್ಧ ಗಂಟೆಗೇ ಫ್ರಿಜ್ಜಿನಿಂದ ತೆಗೆದು ಬೆನ್ನಿನ ಕಡೆಯಿಂದ ಎಳೆದೆ. ಗಣಪ ಕೈಗೆ ಬಂದ, ಸೊಂಡಿಲು ಅಚ್ಚಿನಲ್ಲೇ ಉಳಿಯಿತು. ನೋಡುತ್ತ ನಿಂತಿದ್ದ ಅತ್ತೆಯವರು, “ಭಿನ್ನವಾದದ್ದು ಪೂಜೆಗೆ ಬಾರದು, ಬಾಯಿಗೆ ಬರುತ್ತೆ, ತಾ ಇಲ್ಲಿ” ಎಂದು ಕೈಚಾಚಿದರು.

ಹದಕ್ಕೆ ಬಂದ ದೋಸೆ ಕಾವಲಿಯ ಮೇಲೆ ತಾನೇ ಅಂಚು ಎತ್ತುತ್ತದೆ. ಹದ ಬಾರದ ದೋಸೆಯನ್ನು ಸಟ್ಟುಗದಿಂದ ಎಷ್ಟು ಕೆರೆದರೂ ಅದು ಚೂರಾಗಿಯೇ ಬರುತ್ತದೆ. ಚಾಕೊಲೇಟಿನ ಸ್ವಭಾವವೂ ಹೀಗೆಯೇ. ಅದು ಅಚ್ಚಿನಿಂದ ಬಿಡುವುದು ಗಟ್ಟಿಯಾಗುವಾಗ ಕುಗ್ಗುವುದರಿಂದ. ಎಷ್ಟು ಕುಗ್ಗುತ್ತದೆ ಎಂಬುದನ್ನು ಅದರಲ್ಲಿರುವ ಕೊಬ್ಬು, ಆ ಕೊಬ್ಬನ್ನು ನಾವು ತಂದ ಹದ ಮತ್ತು ತಣಿಸಿದ ಕ್ರಮ ನಿರ್ಧರಿಸುತ್ತವೆ. ಕುಗ್ಗುವುದು ಸಾಲದೆ ಬಂದಲ್ಲಿ ಅಚ್ಚು ಬಾಗಿ ನೆರವಾಗಬೇಕು. ಆದ್ದರಿಂದ ಅಂಗಡಿಯಲ್ಲಿ ಅಚ್ಚಿನ ಆಕಾರ ನೋಡಿ ಮರುಳಾಗುವ ಮೊದಲು, ಅದರೊಳಗೆ ಏನು ಹೊಯ್ಯುತ್ತೀರಿ ಎಂಬುದನ್ನು ತೀರ್ಮಾನಿಸಿಕೊಳ್ಳುವುದು ಒಳಿತು.

ಕಾಂಪೌಂಡೋ, ಕೊಕೊ ಬೆಣ್ಣೆಯ ಚಾಕೊಲೇಟೋ

ಬೇಕರಿ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ದೊಡ್ಡ ಹಲಗೆಗಳಾಗಿ ದೊರೆಯುವ ಚಾಕೊಲೇಟಿನಲ್ಲಿ ಹೆಚ್ಚಿನದು ಕಾಂಪೌಂಡ್. ಅದರಲ್ಲಿ ಕೊಕೊ ಪುಡಿ, ಸಕ್ಕರೆ ಮತ್ತು ಕೊಕೊ ಬೆಣ್ಣೆಯ ಬದಲಿಗೆ ಗಟ್ಟಿಯಾಗಿಸಿದ ಸಸ್ಯಜನ್ಯ ಕೊಬ್ಬು ಇರುತ್ತದೆ. ಪೊಟ್ಟಣದ ಹಿಂದಿನ ಪದಾರ್ಥಗಳ ಪಟ್ಟಿಯನ್ನು ಓದಿದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಇದನ್ನು 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಸಿ ತುಸು ಆರಿಸಿ ಹೊಯ್ದರೆ ಸಾಕು, ಬೇರೆ ಹದ ಬೇಡ. ಬೇಗ ಗಟ್ಟಿಯಾಗುತ್ತದೆ, ಒಂದಿಷ್ಟು ಕುಗ್ಗಿ ಸುಲಭವಾಗಿ ಬಿಡುತ್ತದೆ, ಬೆಂಗಳೂರಿನ ಬೇಸಿಗೆಯನ್ನೂ ಒಂದು ಮಟ್ಟಕ್ಕೆ ತಾಳಿಕೊಳ್ಳುತ್ತದೆ. ರುಚಿಯಲ್ಲಿ ಮಾತ್ರ ಸೋಲುತ್ತದೆ. ಬಾಯಿಗಿಟ್ಟಾಗ ನಾಲಿಗೆಯ ಮೇಲೆ ಕರಗಿ ಹೋಗುವ ಬದಲು ಅಂಗುಳಕ್ಕೆ ಮೇಣದಂತೆ ಹಿಡಿಯುತ್ತದೆ.

ಕೊಕೊ ಬೆಣ್ಣೆಯಿರುವ ಚಾಕೊಲೇಟಿನ ರುಚಿಯೂ ಬೇರೆ, ಹಟವೂ ಬೇರೆ. ಅಡಕೆ ತೋಟದ ನೆರಳಿನಲ್ಲಿ ಕೊಕೊ ಬೆಳೆಯುವ, 1986ರಿಂದ ಪುತ್ತೂರಿನಲ್ಲಿ ಕ್ಯಾಂಪ್ಕೊ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆಯನ್ನು ನೋಡುತ್ತಿರುವ ದಕ್ಷಿಣ ಕನ್ನಡದವರಿಗೆ ಕೊಕೊ ದೂರದ ವಸ್ತುವೇನಲ್ಲ. ಆದರೆ ಮನೆಯ ಅಡುಗೆಕೋಣೆಯಲ್ಲಿ ಅದರ ಬೆಣ್ಣೆಯನ್ನು ಹದಕ್ಕೆ ತರುವುದು ನಮಗೆಲ್ಲರಿಗೂ ಹೊಸ ಕೆಲಸವೇ. ಈ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ನಮಗೆ ಬೇಕಾದದ್ದು ಐದನೆಯದು. ಸುಮಾರು 34 ಡಿಗ್ರಿಯಲ್ಲಿ ಕರಗುವ ಈ ಹರಳುಗಳು ಒತ್ತೊತ್ತಾಗಿ ಜೋಡಣೆಗೊಳ್ಳುವುದರಿಂದ ಚಾಕೊಲೇಟ್ ಹೊಳೆಯುತ್ತದೆ, ಮುರಿದಾಗ ಟಕ್ಕೆನ್ನುತ್ತದೆ ಮತ್ತು ಅಚ್ಚಿನ ಗೋಡೆಯಿಂದ ಚೆನ್ನಾಗಿ ಕುಗ್ಗಿ ದೂರ ಸರಿಯುತ್ತದೆ. ಕರಗಿಸಿ ಹಾಗೆಯೇ ಹೊಯ್ದುಬಿಟ್ಟರೆ ಕೆಳಗಿನ ದರ್ಜೆಯ ಹರಳುಗಳು ಅಡ್ಡಾದಿಡ್ಡಿಯಾಗಿ ಬೆಳೆದು, ಚಾಕೊಲೇಟ್ ಮೆದುವಾಗಿ, ಮಂಕಾಗಿ, ಅಚ್ಚಿಗೆ ಮೆತ್ತಿಕೊಳ್ಳುತ್ತದೆ. ಮನೆಯಲ್ಲಿ ಚಾಕೊಲೇಟ್ ಮುರಿಯಲು ಇರುವ ಕಾರಣಗಳಲ್ಲಿ ಮೊದಲನೆಯದು ಇದೇ ಎಂಬುದು ನನ್ನ ಅನುಭವ; ಅದಕ್ಕೆ ಅಚ್ಚನ್ನು ದೂರುವುದು ವ್ಯರ್ಥ.

ಹದಕ್ಕೆ ತರುವ ಕ್ರಮಗಳಲ್ಲಿ ಮನೆಗೆ ಹೊಂದುವುದು ಬೀಜ ಹಾಕುವ ಕ್ರಮ, ಹಾಲಿಗೆ ಹೆಪ್ಪು ಹಾಕಿದಂತೆ. ಡಾರ್ಕ್ ಚಾಕೊಲೇಟಿನ ಮೂರರಲ್ಲಿ ಎರಡು ಪಾಲನ್ನು ನೀರಿನ ಹಬೆಯ ಮೇಲಿಟ್ಟ ಬಟ್ಟಲಿನಲ್ಲಿ 45ರಿಂದ 50 ಡಿಗ್ರಿಯವರೆಗೆ ಕರಗಿಸಿ ಕೆಳಗಿಳಿಸಬೇಕು. ಸಣ್ಣಗೆ ಹೆಚ್ಚಿಟ್ಟ ಉಳಿದ ಒಂದು ಪಾಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ, ಶಾಖ 31ರಿಂದ 32 ಡಿಗ್ರಿಗೆ ಇಳಿಯುವವರೆಗೆ ಬಿಡದೆ ಕಲಕಬೇಕು. ಹಾಲಿನ ಚಾಕೊಲೇಟಿಗೆ ಈ ಕೊನೆಯ ಶಾಖ 29ರಿಂದ 30, ಬಿಳಿಯದಕ್ಕೆ 28ರಿಂದ 29. ಸೇರಿಸುವ ಚೂರುಗಳು ಹದಗೊಂಡ ಚಾಕೊಲೇಟಿನವೇ ಆಗಿರಬೇಕು. ಬಿಸಿಲಿಗೆ ಕರಗಿ ಮತ್ತೆ ಗಟ್ಟಿಯಾಗಿ ಬಿಳಿಚಿಕೊಂಡ ಹಲಗೆಯ ಚೂರು ಹುಳಿಯೇರಿದ ಹೆಪ್ಪಿನಂತೆ ಕೆಲಸ ಕೆಡಿಸುತ್ತದೆ. ಅಚ್ಚಿಗೆ ಹೊಯ್ಯುವ ಮುನ್ನ ಚಾಕುವಿನ ತುದಿಯನ್ನು ಅದ್ದಿ ಬದಿಗಿಡಿ. ತಂಪಾದ ಕೋಣೆಯಲ್ಲಿ ಐದು ನಿಮಿಷದೊಳಗೆ ಅದು ಹೊಳಪಿನಿಂದ ಗಟ್ಟಿಯಾದರೆ ಹೊಯ್ಯಬಹುದು. ಗೆರೆಗೆರೆಯಾಗಿ ಒದ್ದೆಯಾಗಿಯೇ ಉಳಿದರೆ ಇನ್ನಷ್ಟು ಚೂರು ಸೇರಿಸಿ ಕಲಕಬೇಕು. ಈ ಪರೀಕ್ಷೆಗೆ ಬೇಕಾಗುವ ಐದು ನಿಮಿಷದ ತಾಳ್ಮೆ ನನಗೆ ಬರಲು ಎರಡು ವರ್ಷ ಹಿಡಿಯಿತು.

ಇವೆರಡರ ನಡುವೆ ಒಂದು ಮೋಸದ ದಾರಿಯಿದೆ. ಕಾಂಪೌಂಡಿಗೆ ರುಚಿ ಕಟ್ಟಲೆಂದು ಒಳ್ಳೆಯ ಚಾಕೊಲೇಟಿನ ಒಂದೆರಡು ಬಾರ್‌ಗಳನ್ನು ಮುರಿದು ಸೇರಿಸುವುದು ಅನೇಕರ ಅಭ್ಯಾಸ. ಕಾಂಪೌಂಡಿನಲ್ಲಿ ಹೆಚ್ಚಾಗಿ ಬಳಸುವ ತಾಳೆಬೀಜದ ಕೊಬ್ಬಿಗೂ ಕೊಕೊ ಬೆಣ್ಣೆಗೂ ಹೊಂದಿಕೆಯಿಲ್ಲ. ಎರಡೂ ಬೇರೆಬೇರೆಯಾಗಿದ್ದಾಗ ಗಟ್ಟಿ, ಬೆರೆತಾಗ ಮೆದು. ಅಂಥ ಮಿಶ್ರಣ ಅಚ್ಚಿನಿಂದ ಸರಿಯಾಗಿ ಬಿಡುವುದಿಲ್ಲ, ಬಿಟ್ಟರೂ ಕೆಲವು ದಿನಗಳಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ರುಚಿ ಬೇಕಿದ್ದರೆ ಒಳಗೆ ಹುರಿದ ಗೋಡಂಬಿಯನ್ನೋ ಕಿತ್ತಳೆ ಸಿಪ್ಪೆಯ ತುರಿಯನ್ನೋ ಹಾಕಿಕೊಳ್ಳಿ, ಕೊಬ್ಬುಗಳನ್ನು ಮಾತ್ರ ಬೆರೆಸಬೇಡಿ.

ಕೊಕೊ ಪುಡಿ, ಪುಡಿಸಕ್ಕರೆ ಮತ್ತು ಬೆಣ್ಣೆ ಅಥವಾ ತೆಂಗಿನೆಣ್ಣೆಯಿಂದ ಮಾಡುವ “ದಿಢೀರ್ ಚಾಕೊಲೇಟ್” ಮೂರನೆಯ ಬಗೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲೇ ಕರಗುವುದರಿಂದ ಇದು ನಮ್ಮ ಹವೆಯಲ್ಲಿ ಫ್ರಿಜ್ಜಿನ ಹೊರಗೆ ನಿಲ್ಲುವುದಿಲ್ಲ. ಮಕ್ಕಳ ಸಂಜೆಯ ಆಟಕ್ಕೆ ಅಡ್ಡಿಯಿಲ್ಲ, ಆದರೆ ಗಡುಸಾದ ಅಚ್ಚಿಗೆ ಹೊಯ್ಯುವ ಯೋಚನೆ ಬೇಡ. ಸಿಲಿಕೋನ್ ಅಚ್ಚು ಮತ್ತು ಫ್ರೀಜರ್ ಎರಡೂ ಇದ್ದರಷ್ಟೇ ಇದು ಇಡಿಯಾಗಿ ಕೈಗೆ ಬರುತ್ತದೆ.

ಅಚ್ಚುಗಳಲ್ಲಿ ಆಯ್ಕೆ

ಪೇಟೆಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಅಚ್ಚುಗಳಿವೆ: ಬಾಗುವ ಸಿಲಿಕೋನ್, ಗಾಜಿನಂತೆ ಪಾರದರ್ಶಕವಾದ ಗಡುಸು ಪಾಲಿಕಾರ್ಬೊನೇಟ್, ಮತ್ತು ತೆಳು ಪ್ಲಾಸ್ಟಿಕ್ ಹಾಳೆಯನ್ನು ಒತ್ತಿ ಮಾಡಿದ ಅಗ್ಗದ ಅಚ್ಚು.

ಹೊಸಬರು ಮೊದಲು ಕೊಳ್ಳುವುದು ಸಿಲಿಕೋನನ್ನೇ, ಅದರಲ್ಲಿ ತಪ್ಪೇನಿಲ್ಲ. ಚಾಕೊಲೇಟ್ ಕುಗ್ಗದಿದ್ದರೂ ಅಚ್ಚನ್ನೇ ಹಿಂದಕ್ಕೆ ಮಡಚಿ ಬಿಡಿಸಬಹುದಾದ್ದರಿಂದ ಹದ ತಪ್ಪಿದವರನ್ನೂ ಅದು ಕಾಪಾಡುತ್ತದೆ. ಕಾಂಪೌಂಡಿಗೆ, ಹೃದಯ, ಎಲೆ, ಅರ್ಧಗೋಳದಂಥ ದಪ್ಪನೆಯ ಆಕಾರಗಳಿಗೆ ನಾನು ಇಂದಿಗೂ ಇದನ್ನೇ ಬಳಸುತ್ತೇನೆ. ಆದರೆ ಅದರ ಬಾಗುವ ಗುಣವೇ ತೊಂದರೆಗೂ ಮೂಲ. ಹೊಯ್ದ ಮೇಲೆ ಎತ್ತಿಕೊಂಡು ಹೋಗುವಾಗ ಅಚ್ಚು ಬಳುಕಿದರೆ ಅರೆಗಟ್ಟಿಯಾದ ಚಾಕೊಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿದ್ದು, ಬಿಡಿಸುವಾಗ ಅಲ್ಲಿಯೇ ಮುರಿಯುತ್ತದೆ. ಹೊಯ್ಯುವ ಮೊದಲೇ ಅಚ್ಚಿನ ಕೆಳಗೆ ಒಂದು ತಟ್ಟೆ ಇಟ್ಟುಕೊಳ್ಳಿ, ಅಷ್ಟೇ ಸಾಕು. ಇನ್ನೊಂದು ದೋಷವೆಂದರೆ ಸಿಲಿಕೋನ್ ವಾಸನೆಯನ್ನು ಹಿಡಿದಿಟ್ಟುಕೊಳ್ಳುವುದು. ಮಸಾಲೆ ಡಬ್ಬಿಯ ಪಕ್ಕದ ಕಪಾಟಿನಲ್ಲಿಟ್ಟ ನನ್ನ ಅಚ್ಚಿನಿಂದ ಒಮ್ಮೆ ಇಂಗಿನ ಘಮದ ಚಾಕೊಲೇಟ್ ಬಂದಿತ್ತು. ಒಳಮೈ ಹೊಳೆಯದ ಸಿಲಿಕೋನ್ ಆದರೆ ಚಾಕೊಲೇಟೂ ಮಂಕಾಗಿಯೇ ಬರುತ್ತದೆ. ಕೊಳ್ಳುವಾಗ ಗುಳಿಗಳ ಒಳಭಾಗವನ್ನು ಬೆಳಕಿಗೆ ಹಿಡಿದು ನೋಡಬೇಕು.

ಕೊಕೊ ಬೆಣ್ಣೆಯ ಚಾಕೊಲೇಟನ್ನು ಹದಕ್ಕೆ ತರಲು ಕಲಿತ ದಿನ ಪಾಲಿಕಾರ್ಬೊನೇಟ್ ಅಚ್ಚಿಗೆ ಹಣ ಹಾಕಬಹುದು, ಅದಕ್ಕಿಂತ ಮೊದಲು ಬೇಡ. ಅದು ಬಾಗುವುದಿಲ್ಲ, ಆದ್ದರಿಂದ ಚಾಕೊಲೇಟ್ ತಾನೇ ಕುಗ್ಗಿ ಬಿಡಬೇಕು. ಹದ ಸರಿಯಿದ್ದರೆ ಅಚ್ಚನ್ನು ಮಗುಚಿದ ಕೂಡಲೇ ಇಡೀ ಸಾಲು ಉದುರಿಬಿಡುತ್ತದೆ, ಒಂದೊಂದರ ಮೇಲೂ ಕನ್ನಡಿಯಂಥ ಹೊಳಪು. ಹದ ತಪ್ಪಿದರೆ ಬಡಿದರೂ ಜಪ್ಪಯ್ಯ ಎನ್ನುವುದಿಲ್ಲ. ಇದರ ದೊಡ್ಡ ಲಾಭ ಪಾರದರ್ಶಕತೆ. ಫ್ರಿಜ್ಜಿನಿಂದ ತೆಗೆದು ಕೆಳಗಿನಿಂದ ನೋಡಿದಾಗ, ಇನ್ನೂ ಅಂಟಿಕೊಂಡಿರುವ ಕಡೆ ಚಾಕೊಲೇಟ್ ಒದ್ದೆಯಾದಂತೆ ಕಪ್ಪಗೆ ಕಾಣುತ್ತದೆ. ಬಿಟ್ಟುಕೊಂಡ ಕಡೆ ನಡುವೆ ಗಾಳಿಯ ತೆಳು ಪದರ ಸೇರಿ ಮಂಜು ಮುಸುಕಿದಂತೆ, ತುಸು ಬೆಳ್ಳಿಯ ಛಾಯೆಯಲ್ಲಿ ಕಾಣುತ್ತದೆ. ಎಲ್ಲ ಗುಳಿಗಳೂ ಈ ಮಂಜಿನ ಬಣ್ಣಕ್ಕೆ ತಿರುಗುವವರೆಗೆ ಕಾದರೆ ಮುರಿಯುವ ಮಾತೇ ಇರುವುದಿಲ್ಲ. ಗಡಿಯಾರ ನೋಡಿ ಬಿಡಿಸುವುದಕ್ಕಿಂತ ಈ ಬಣ್ಣ ನೋಡಿ ಬಿಡಿಸುವುದು ನೂರು ಪಾಲು ಮೇಲು. ಸಿಲಿಕೋನಿನಲ್ಲಿ ಈ ಸುಳಿವು ಸಿಗದು ಎಂಬುದೊಂದೇ ಕಾರಣಕ್ಕೆ ನಾನು ದುಬಾರಿಯ ಅಚ್ಚಿನ ಪಕ್ಷ ವಹಿಸುತ್ತೇನೆ.

ತೆಳು ಪ್ಲಾಸ್ಟಿಕ್ ಅಚ್ಚು ಇವೆರಡರ ನಡುವಿನದು. ತುಸು ಬಾಗುತ್ತದೆ, ಒಳಗೂ ಕಾಣುತ್ತದೆ, ಬೆಲೆಯೂ ಕಡಿಮೆ. ಹುಟ್ಟುಹಬ್ಬಕ್ಕೆಂದು ಒಮ್ಮೆ ಕಾಂಪೌಂಡ್ ಹೊಯ್ಯುವವರಿಗೆ ಇದು ಧಾರಾಳವಾಗಿ ಸಾಕು. ಆದರೆ ಅಂಚುಗಳಲ್ಲಿ ಬೇಗ ಸೀಳುತ್ತದೆ, ಕುದಿನೀರಿನಲ್ಲಿ ತೊಳೆದರೆ ಸೊಟ್ಟಗಾಗುತ್ತದೆ, ಸೊಟ್ಟಗಾದ ಅಚ್ಚಿನಲ್ಲಿ ಯಾವುದೂ ನೆಟ್ಟಗೆ ಬಿಡುವುದಿಲ್ಲ.

ಹಬ್ಬದ ದಿನಗಳಲ್ಲಿ ಕಾಣುವ, ಎರಡು ಹೋಳಾಗಿ ತೆರೆದುಕೊಳ್ಳುವ ಮೋದಕದ ಅಚ್ಚನ್ನು ಕರಗಿದ ಚಾಕೊಲೇಟಿಗೆ ಬಳಸಲು ಹೋಗಬೇಡಿ. ಅದು ಇರುವುದು ಖೋವಾದಂಥ ಕಣಕಕ್ಕೆ. ನೀರಾದ ಚಾಕೊಲೇಟ್ ಬೆಸುಗೆಯ ಸಂದಿನಲ್ಲಿ ಸೋರಿ ಎರಡು ಹೋಳುಗಳನ್ನೂ ಅಂಟಿಸಿಬಿಡುತ್ತದೆ. ಚಾಕೊಲೇಟ್ ಬೆರೆಸಿದ ಖೋವಾ ಮೋದಕವಾದರೆ ಆ ಅಚ್ಚೇ ಸರಿ, ಅದಕ್ಕೆ ತುಪ್ಪ ಸವರುವುದೂ ಸರಿ. ಫ್ರಿಜ್ಜಿನ ಐಸ್ ತಟ್ಟೆ ಆಪತ್ತಿಗೆ ಒದಗುತ್ತದೆ, ಅದರ ಗುಳಿಗಳು ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ ಇರುವುದರಿಂದ ಕಾಂಪೌಂಡ್ ಸಲೀಸಾಗಿ ಬಿಡುತ್ತದೆ. ಪೂರ್ತಿ ಒಣಗಿಸಿಕೊಂಡಿರಬೇಕು ಅಷ್ಟೆ. ಅಚ್ಚಿನ ಗೊಡವೆಯೇ ಬೇಡವೆನ್ನುವವರು ಸ್ಟೀಲ್ ತಟ್ಟೆಗೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಚಾಕೊಲೇಟನ್ನು ಹರಡಿ, ಬೇಕಾದ ಬಾದಾಮಿ, ಒಣದ್ರಾಕ್ಷಿ ಉದುರಿಸಿ, ಗಟ್ಟಿಯಾದ ಮೇಲೆ ಕೈಯಲ್ಲಿ ಮುರಿದುಕೊಳ್ಳಬಹುದು. ಅಲ್ಲಿ ಮುರಿಯುವುದೇ ಶೋಭೆ.

ಆಕಾರದ ಬಗೆಗೂ ಒಂದು ಮಾತು. ಅಕ್ಷರಗಳ ಕಾಲು, ಜಿಂಕೆಯ ಕೊಂಬು, ಹೂವಿನ ತೊಟ್ಟು, ನಮ್ಮ ಗಣಪನ ಸೊಂಡಿಲು, ಹೀಗೆ ಮೈಯಿಂದ ಬೇರ್ಪಟ್ಟು ಚಾಚಿಕೊಂಡ ತೆಳು ಭಾಗವಿರುವ ಅಚ್ಚನ್ನು ಮೊದಲಿಗೆ ಕೊಳ್ಳಬೇಡಿ. ಸೊಂಡಿಲು ಹೊಟ್ಟೆಗೆ ಅಂಟಿಕೊಂಡಂತೆ ಕೊರೆದ ಗಣಪನ ಅಚ್ಚುಗಳೂ ಸಿಗುತ್ತವೆ. ಈಗ ನನ್ನಲ್ಲಿರುವುದು ಅಂಥದ್ದು.

ಹೊಯ್ಯುವಾಗಲೇ ಗೆಲ್ಲುವುದು

ಅಚ್ಚನ್ನು ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯವಾದ ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ಗುಳಿಗಳ ಒಳಗನ್ನು ಹತ್ತಿಯಿಂದ ಉಜ್ಜಬೇಕು. ಉಜ್ಜುವ ನಾರನ್ನು ಎಂದಿಗೂ ಮುಟ್ಟಿಸಬಾರದು. ಅದು ಎಳೆಯುವ ಒಂದೊಂದು ಗೀರಿನಲ್ಲೂ ಚಾಕೊಲೇಟ್ ಕಚ್ಚಿಕೊಳ್ಳುತ್ತದೆ. ಚೆನ್ನಾಗಿ ಬಿಟ್ಟ ಪಾಲಿಕಾರ್ಬೊನೇಟ್ ಅಚ್ಚನ್ನು ಪ್ರತಿ ಸಲವೂ ತೊಳೆಯಬೇಕಾಗಿಲ್ಲ. ಅದರಲ್ಲಿ ಉಳಿಯುವ ಕೊಕೊ ಬೆಣ್ಣೆಯ ತೆಳು ಲೇಪವನ್ನು ಹತ್ತಿಯಿಂದ ಹರಡಿ ನಯಗೊಳಿಸಿದರೆ, ಪಳಗಿದ ದೋಸೆ ಕಾವಲಿಯಂತೆ ಮುಂದಿನ ಸರದಿಗೆ ಅದೇ ಸಹಾಯಕ್ಕೆ ಬರುತ್ತದೆ.

ಅಚ್ಚು ಕೋಣೆಯ ಶಾಖದಲ್ಲಿರಬೇಕು. ಫ್ರಿಜ್ಜಿನಲ್ಲಿಟ್ಟು ತಂದ ತಣ್ಣನೆಯ ಅಚ್ಚಿಗೆ ಹೊಯ್ದರೆ ಮೈತಾಗಿದ ಪದರ ತಟ್ಟನೆ ಗಟ್ಟಿಯಾಗಿ ಹದ ಕೆಡುತ್ತದೆ. ಬಿಸಿಲಿನಲ್ಲಿದ್ದ ಅಚ್ಚಿಗೆ ಹೊಯ್ದರೆ ಕಷ್ಟಪಟ್ಟು ತಂದ ಹದ ಕರಗಿಹೋಗುತ್ತದೆ. ಹೊಯ್ದ ನಂತರ ಅಚ್ಚನ್ನು ಮೇಜಿನ ಮೇಲೆ ಐದಾರು ಸಲ ತಟ್ಟಿದರೆ ಗಾಳಿಗುಳ್ಳೆಗಳು ಮೇಲೆ ಬರುತ್ತವೆ. ಗುಳ್ಳೆ ಒಳಗೇ ಉಳಿದರೆ ಅಲ್ಲಿ ಗೋಡೆ ತೆಳುವಾಗಿ, ಮುರಿಯುವ ಮೊದಲ ಜಾಗ ಅದೇ ಆಗುತ್ತದೆ.

ಇದಾದ ಮೇಲಿನ ಒಂದು ಕೆಲಸವನ್ನು ಬಹುಮಂದಿ ಬಿಟ್ಟುಬಿಡುತ್ತಾರೆ. ಗುಳಿಯ ಅಂಚು ಮೀರಿ ಅಚ್ಚಿನ ಮೇಲ್ಮೈಗೆ ಹರಡಿದ ಚಾಕೊಲೇಟನ್ನು ಸ್ಕ್ರೇಪರಿನಿಂದ, ಇಲ್ಲವೆ ದೋಸೆಯ ಸಟ್ಟುಗದಿಂದ ಒಂದೇ ಎಳೆತದಲ್ಲಿ ಕೆರೆದು ತೆಗೆಯಬೇಕು. ಬಿಟ್ಟರೆ ಅದು ಒಂದು ಗುಳಿಗೂ ಇನ್ನೊಂದಕ್ಕೂ ಸೇತುವೆಯಾಗಿ ಗಟ್ಟಿಯಾಗುತ್ತದೆ. ಒಂದನ್ನು ತೆಗೆಯಹೋದಾಗ ಪಕ್ಕದ್ದರ ಅಂಚು ಕಿತ್ತುಬರುವುದು, ಅಂಚಿನಲ್ಲಿ ಇಲಿ ಕಡಿದಂತೆ ಆಗುವುದು ಈ ಸೇತುವೆಯಿಂದಲೇ.

ಫ್ರಿಜ್, ಫ್ರೀಜರ್ ಅಥವಾ ಮೇಜು

ಕೋಣೆಯೇ 20 ಡಿಗ್ರಿ ಆಸುಪಾಸಿನಲ್ಲಿದ್ದರೆ ಹದಗೊಂಡ ತೆಳು ಚಾಕೊಲೇಟ್ ಮೇಜಿನ ಮೇಲೆಯೇ ಗಟ್ಟಿಯಾಗುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಇದು ಸಾಧ್ಯ, ಏಪ್ರಿಲ್ಲಿನಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಎಸಿ ಕೋಣೆಯಿಲ್ಲದೆ ಹದ ಹಾಕುವ ಯೋಚನೆಯೇ ಬೇಡ, ಕಾಂಪೌಂಡಿಗೆ ಶರಣಾಗುವುದು ವಾಸಿ. ದಪ್ಪನೆಯ ತುಂಡಿಗಾದರೆ ತಂಪಾದ ಕೋಣೆಯಲ್ಲೂ ಸ್ವಲ್ಪ ಹೊತ್ತು ಫ್ರಿಜ್ ಬೇಕಾಗುತ್ತದೆ. ಹರಳುಗಟ್ಟುವಾಗ ಚಾಕೊಲೇಟ್ ತಾನೇ ಶಾಖ ಬಿಡುತ್ತದೆ. ಆ ಶಾಖ ಹೊರಗೆ ಹೋಗದಿದ್ದರೆ ನಡುಭಾಗ ಬೆಚ್ಚಗೇ ಉಳಿದು ಅಲ್ಲಿ ಬಿಳಿಯ ಗೆರೆ ಮೂಡುತ್ತದೆ, ಅಚ್ಚಿನಿಂದ ಬಿಡುವುದೂ ತಡವಾಗುತ್ತದೆ.

ಚಾಕೊಲೇಟಿಗೆ ಬೇಕಾದದ್ದು 10ರಿಂದ 12 ಡಿಗ್ರಿಯ ತಂಪು. ಮನೆಯ ಫ್ರಿಜ್ 4 ಡಿಗ್ರಿ ಸುಮಾರಿಗೆ ಇರುವುದರಿಂದ, ಫ್ರೀಜರಿನ ಗಾಳಿ ನೇರ ಬೀಸದ ಕೆಳಗಿನ ಹಂತದಲ್ಲಿ 15ರಿಂದ 20 ನಿಮಿಷ ಇಟ್ಟು, ಅಲ್ಲಿಂದ ಮುಂದೆ ಐದೈದು ನಿಮಿಷಕ್ಕೆ ಪರೀಕ್ಷಿಸುವುದು ಸೂಕ್ತ. ರಾತ್ರಿಯಿಡೀ ಬಿಡುವುದರಿಂದ ಹೆಚ್ಚಿನ ಲಾಭವಿಲ್ಲ, ಬದಲಿಗೆ ಫ್ರಿಜ್ಜಿನ ತೇವ ಮತ್ತು ನಿನ್ನೆಯ ಸಾರಿನ ವಾಸನೆ ಸೇರಿಕೊಳ್ಳುತ್ತವೆ.

ಫ್ರೀಜರ್ ವಿಷಯದಲ್ಲಿ ಅಡುಗೆ ಬಲ್ಲವರಲ್ಲೇ ಎರಡು ಪಕ್ಷಗಳಿವೆ. ನನ್ನ ತೀರ್ಮಾನ ಇಷ್ಟು: ಹದಗೊಂಡ ಚಾಕೊಲೇಟನ್ನು ಪಾಲಿಕಾರ್ಬೊನೇಟಿನಲ್ಲಿ ಹೊಯ್ದಿದ್ದರೆ ಫ್ರೀಜರಿನ ಗೋಜಿಗೆ ಹೋಗಬಾರದು, ಹಠಾತ್ ಶೀತಕ್ಕೆ ಮೈ ಬಿರಿಯುತ್ತದೆ. ಸಿಲಿಕೋನ್ ಅಚ್ಚಿನಲ್ಲಿ ಸೂಕ್ಷ್ಮ ಕೆತ್ತನೆಯ ಕಾಂಪೌಂಡ್ ಇದ್ದರೆ, ಫ್ರಿಜ್ಜಿನಲ್ಲಿ ಗಟ್ಟಿಯಾದ ನಂತರ ಐದರಿಂದ ಹತ್ತು ನಿಮಿಷ ಫ್ರೀಜರಿನಲ್ಲಿಟ್ಟು ತೆಗೆಯುವುದು ನಿಜಕ್ಕೂ ಉಪಕಾರಿ; ತೆಳು ಭಾಗಗಳು ಅಚ್ಚು ಬಾಗುವಾಗ ತಾವೂ ಬಾಗದೆ ಬಿಗಿಯಾಗಿ ನಿಲ್ಲುತ್ತವೆ. ಅದಕ್ಕಿಂತ ಹೆಚ್ಚು ಹೊತ್ತಾದರೆ ಗಾಜಿನಂತೆ ಪೆಡಸಾಗಿ ಸಣ್ಣ ತಟ್ಟಿಗೂ ಒಡೆಯುತ್ತದೆ.

ಕರಾವಳಿಯವರಿಗೆ ಇನ್ನೊಂದು ಕಷ್ಟವಿದೆ. ಮಂಗಳೂರಿನ ಮಳೆಗಾಲದಲ್ಲಿ ಫ್ರಿಜ್ಜಿನಿಂದ ಹೊರತೆಗೆದ ಅಚ್ಚಿನ ಮೇಲೆ ಕ್ಷಣದಲ್ಲಿ ನೀರಹನಿ ಕೂರುತ್ತದೆ. ಆ ನೀರು ಚಾಕೊಲೇಟಿನ ಸಕ್ಕರೆಯನ್ನು ಕರಗಿಸಿ, ಒಣಗಿದ ಮೇಲೆ ಬಿಳಿಯ ತರಿತರಿಯಾಗಿ ಉಳಿಯುತ್ತದೆ. ಅಚ್ಚನ್ನು ಗಾಳಿಯಾಡದ ಡಬ್ಬಿಯೊಳಗಿಟ್ಟು ಫ್ರಿಜ್ಜಿಗೆ ಇಡುವುದು, ಹೊರತೆಗೆದ ಮೇಲೂ ಡಬ್ಬಿ ಕೋಣೆಯ ಶಾಖಕ್ಕೆ ಬರುವವರೆಗೆ ಮುಚ್ಚಳ ತೆರೆಯದಿರುವುದು ಇದಕ್ಕೆ ಪರಿಹಾರ. ಬಿಳಿಚಿಕೊಂಡದ್ದು ತೇವದಿಂದಲೋ ಹದ ತಪ್ಪಿಯೋ ಎಂದು ತಿಳಿಯಲು ಬೆರಳಿನಿಂದ ಉಜ್ಜಿ ನೋಡಿ: ಉಜ್ಜಿದಾಗ ಕರಗಿ ಮಾಯವಾದರೆ ಅದು ಮೇಲೆದ್ದ ಕೊಬ್ಬು, ಒರಟಾಗಿ ಹಾಗೆಯೇ ಉಳಿದರೆ ಸಕ್ಕರೆ.

ಬಿಡಿಸುವ ಕೈಚಳಕ

ಇಡ್ಲಿಯನ್ನು ಚಮಚದಿಂದ ಎಬ್ಬಿಸಿದಂತೆ ಚಾಕುವಿನ ತುದಿ ತೂರಿಸಿ ಎಬ್ಬಿಸಲು ಹೋಗಬಾರದು. ಅಂಚೂ ಹೋಗುತ್ತದೆ, ಅಚ್ಚಿಗೂ ಗೀರು ಬೀಳುತ್ತದೆ.

ಸಿಲಿಕೋನಿನಲ್ಲಿ ಚಾಕೊಲೇಟನ್ನು ಅಚ್ಚಿನಿಂದ ಎಳೆಯುವ ಬದಲು ಅಚ್ಚನ್ನು ಚಾಕೊಲೇಟಿನಿಂದ ಸುಲಿಯಬೇಕು, ಬಾಳೆಹಣ್ಣಿನ ಸಿಪ್ಪೆಯಂತೆ. ಮೊದಲು ಗುಳಿಯ ನಾಲ್ಕೂ ಬದಿಯ ಗೋಡೆಯನ್ನು ಹೊರಕ್ಕೆ ಮೆಲ್ಲನೆ ಎಳೆದರೆ ಒಳಗೆ ಗಾಳಿ ಸೇರುತ್ತದೆ. ಆಮೇಲೆ ಅಚ್ಚನ್ನು ಬೋರಲಾಗಿಸಿ ಬಟರ್ ಪೇಪರಿನ ಹತ್ತಿರ ಹಿಡಿದು, ಹೆಬ್ಬೆರಳಿನಿಂದ ಗುಳಿಯ ನಡುವೆ ಒತ್ತುತ್ತ ಅಂಚನ್ನು ಹಿಂದಕ್ಕೆ ಮಡಚಬೇಕು. ತೆಳು ಭಾಗವಿರುವ ಆಕೃತಿಯಲ್ಲಿ ದಪ್ಪ ಭಾಗವನ್ನು ಮೊದಲು ಬಿಡಿಸಿ ತೆಳು ಭಾಗವನ್ನು ಎಳೆಯಬಾರದು. ಸೊಂಡಿಲಿನ ಸುತ್ತಲಿನ ಸಿಲಿಕೋನನ್ನು ಮೊದಲು ಸಡಿಲಿಸಿ, ಅದು ಹೊರಬಂದ ಮೇಲೆ ಹೊಟ್ಟೆಗೆ ಕೈ ಹಾಕಬೇಕು. ಆ ಹಬ್ಬದ ರಾತ್ರಿ ನಾನು ಮಾಡಿದ್ದು ಇದಕ್ಕೆ ತಿರುವುಮುರುವು.

ಪಾಲಿಕಾರ್ಬೊನೇಟ್ ಅಚ್ಚಿನ ಮೇಲೆ ಶುಭ್ರವಾದ ತಟ್ಟೆಯನ್ನು ಬೋರಲಾಗಿ ಇಟ್ಟು, ಎರಡನ್ನೂ ಒತ್ತಿ ಹಿಡಿದು ಒಟ್ಟಿಗೆ ಮಗುಚಿ, ತಟ್ಟೆಯ ಸಮೇತ ಮೇಜಿನ ಮೇಲೆ ಒಮ್ಮೆ ತಟ್ಟಬೇಕು. ಎತ್ತರದಿಂದ ಬೀಳಿಸಿದರೆ ಬಿಟ್ಟುಕೊಂಡ ಚಾಕೊಲೇಟೂ ಒಂದರ ಮೇಲೊಂದು ಬಿದ್ದು ಚೆಕ್ಕೆ ಏಳುತ್ತದೆ. ಬರದೆ ಉಳಿದವನ್ನು ಬಡಿದು ಹೊರಡಿಸುವ ಹಟ ಬೇಡ. ಅಚ್ಚನ್ನು ಮತ್ತೆ ಫ್ರಿಜ್ಜಿಗಿಟ್ಟು ಹತ್ತು ನಿಮಿಷ ಬಿಟ್ಟು ನೋಡಬೇಕು. ತೆಳು ಪ್ಲಾಸ್ಟಿಕ್ ಅಚ್ಚನ್ನು ಬೋರಲಾಗಿಸಿ ಎರಡು ತುದಿಗಳನ್ನು ಐಸ್ ತಟ್ಟೆಯಂತೆ ತೀರಾ ಸ್ವಲ್ಪ ತಿರುಚಿದರೆ ಸಾಕಾಗುತ್ತದೆ. ಇದನ್ನೇ ಪಾಲಿಕಾರ್ಬೊನೇಟಿಗೆ ಮಾಡಿದರೆ ಅಚ್ಚೇ ಬಿರುಕು ಬಿಡಬಹುದು.

ಬಿಡಿಸಿದ್ದನ್ನು ಬರಿಗೈಯಲ್ಲಿ ಹೆಚ್ಚು ಹೊತ್ತು ಹಿಡಿಯಬಾರದು. ಮೈಯ ಶಾಖ 37 ಡಿಗ್ರಿ, ಒಳ್ಳೆಯ ಚಾಕೊಲೇಟ್ ಕರಗುವುದು 34ಕ್ಕೆ. ಬೆರಳಚ್ಚು ಬೀಳದಿರಲು ಹತ್ತಿಯ ಕೈಗವಸು ಒಳ್ಳೆಯದು.

ಹೂರಣದ ಚಾಕೊಲೇಟ್ ಮತ್ತು ಕಡ್ಡಿಯ ಚಾಕೊಲೇಟ್

ಗಟ್ಟಿ ಕವಚದೊಳಗೆ ಮೆತ್ತನೆಯ ಹೂರಣ ತುಂಬಿದ ಚಾಕೊಲೇಟನ್ನು 1912ರಲ್ಲಿ ಬ್ರಸೆಲ್ಸಿನ ನ್ಯೂಹಾಸ್ ಅಂಗಡಿ ಪ್ರಲೀನ್ ಎಂಬ ಹೆಸರಿನಲ್ಲಿ ತಂದಿತು. ಮನೆಯಲ್ಲಿ ಮಾಡುವಾಗ ಅದರ ಗುಟ್ಟೆಲ್ಲ ಕವಚದ ದಪ್ಪದಲ್ಲಿದೆ. ಎರಡು ಮಿಲಿಮೀಟರ್ ಇದ್ದರೆ ನಿಲ್ಲುತ್ತದೆ, ಅದಕ್ಕಿಂತ ತೆಳುವಾದರೆ ಬಿಡಿಸುವಾಗಲೇ ಟೋಪಿ ಕಳಚಿದಂತೆ ಮೇಲ್ಭಾಗ ಕಿತ್ತುಬರುತ್ತದೆ. ಹೂರಣವನ್ನು ಅಂಚಿನವರೆಗೆ ತುಂಬದೆ ತಳಕ್ಕೆ ಮುಚ್ಚಿಗೆ ಹಾಕಲು ಒಂದೆರಡು ಮಿಲಿಮೀಟರ್ ಜಾಗ ಬಿಡಬೇಕು, ಹೂರಣ ಆರಿರಬೇಕು. ಅಂಚಿಗೆ ಸೋರಿದ ಕ್ಯಾರಮೆಲ್ ಅಂಟಿನಂತೆ ಕೆಲಸ ಮಾಡುತ್ತದೆ, ಆಮೇಲೆ ಯಾವ ಅಚ್ಚಿನ ಯಾವ ಗುಣವೂ ನೆರವಿಗೆ ಬರುವುದಿಲ್ಲ. ಇಡೀ ಬಾದಾಮಿ ಹಾಕುವವರು ಮೊದಲು ಅಚ್ಚಿನ ತಳಕ್ಕೆ ಸ್ವಲ್ಪ ಚಾಕೊಲೇಟ್ ಹೊಯ್ದು ಅದರ ಮೇಲೆ ಬಾದಾಮಿ ಇಡಬೇಕು. ಗೋಡೆಗೆ ತಾಗಿದ ಬಾದಾಮಿಯ ಸುತ್ತ ಬಿರುಕು ಬೀಳುವುದು ಹೆಚ್ಚು.

ಕಡ್ಡಿಯ ಚಾಕೊಲೇಟಿನಲ್ಲಿ ಕಡ್ಡಿಯೇ ಹಿಡಿಕೆಯೆಂದು ಕಾಣುವುದರಿಂದ ಮಕ್ಕಳು ಅದನ್ನೇ ಹಿಡಿದು ಎಳೆಯುತ್ತಾರೆ. ಕಡ್ಡಿ ಮಾತ್ರ ಕೈಗೆ ಬರುತ್ತದೆ. ಹೊಯ್ದ ಮೇಲೆ ಕಡ್ಡಿಯನ್ನು ಒಮ್ಮೆ ಉರುಳಿಸಿ ಅದರ ಸುತ್ತಲೂ ಚಾಕೊಲೇಟ್ ಹಿಡಿಯುವಂತೆ ಮಾಡಿ, ಬಿಡಿಸುವಾಗ ಹಿಂದಿನಿಂದ ಒತ್ತಬೇಕು.

ಏನು ಮಾಡಿದರೂ ಬಾರದಿದ್ದರೆ

ಹೆಚ್ಚುವರಿ ತಂಪಿಗೂ ಜಗ್ಗದ ಚಾಕೊಲೇಟ್ ಹದ ತಪ್ಪಿದ್ದೆಂದು ಒಪ್ಪಿಕೊಳ್ಳುವುದು ಜಾಣತನ. ಪಾಲಿಕಾರ್ಬೊನೇಟಾದರೆ ಕೊನೆಯ ಪ್ರಯತ್ನವೆಂದು ಐದು ನಿಮಿಷ ಫ್ರೀಜರಿನಲ್ಲಿಡಬಹುದು. ಹೊಳಪು ಹೋದರೂ ಆಕಾರ ಉಳಿದೀತು. ಅದೂ ಫಲಿಸದಿದ್ದರೆ ಅಚ್ಚನ್ನು ಬಟ್ಟಲಿನ ಮೇಲೆ ಬೋರಲಾಗಿಸಿ ಹೇರ್ ಡ್ರೈಯರಿನ ಬಿಸಿ ಗಾಳಿಯನ್ನು ದೂರದಿಂದ ಹಾಯಿಸಿದರೆ ಚಾಕೊಲೇಟ್ ಕರಗಿ ಇಳಿಯುತ್ತದೆ. ತೆಳು ಪ್ಲಾಸ್ಟಿಕ್ ಅಚ್ಚಿಗೆ ಈ ಉಪಾಯ ಬೇಡ, ಅದು ಚಾಕೊಲೇಟಿಗಿಂತ ಮೊದಲೇ ಸೊಟ್ಟಗಾದೀತು. ಅಂಥದ್ದನ್ನು ಬೆಚ್ಚಗಿನ ಜಾಗದಲ್ಲಿ ಬೋರಲಾಗಿ ಬಿಟ್ಟು ಕಾಯಬೇಕು. ನೀರು ತಾಗದೆ ಇಳಿದ ಚಾಕೊಲೇಟ್ ಒಂದು ಚೂರೂ ದಂಡವಾಗುವುದಿಲ್ಲ. ಮತ್ತೆ 45 ಡಿಗ್ರಿಗೆ ಕರಗಿಸಿ ಮೊದಲಿನಿಂದ ಹದಕ್ಕೆ ತರಬಹುದು, ಅಥವಾ ಅಷ್ಟು ತಾಳ್ಮೆ ಉಳಿದಿಲ್ಲದಿದ್ದರೆ ಬಿಸಿ ಹಾಲಿಗೆ ಕದಡಿ ಕುಡಿಯಬಹುದು. ಅಚ್ಚಿನ ಗೋಡೆಯಲ್ಲಿ ಉಳಿದ ಪೊರೆಯನ್ನು ಕಾಗದದ ಕರವಸ್ತ್ರದಿಂದ ಒರೆಸಿ, ಬೆಚ್ಚಗಿನ ಸೋಪುನೀರಿನಲ್ಲಿ ಹತ್ತು ನಿಮಿಷ ನೆನೆಸಿ ತೊಳೆದು, ಬೋರಲಾಗಿ ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಹತ್ತಿಯಿಂದ ಉಜ್ಜಿದ ಮೇಲಷ್ಟೇ ಮತ್ತೆ ಅದಕ್ಕೆ ಹೊಯ್ಯಬೇಕು.